ಲ್ಯಾಟಿನ್ ಹಾಡು, ವನಸ್ಪತಿ ಡಬ್ಬಿ

ಊಟ ಆಗದವರು ಮೊದಲು ಉಂಡು ಬನ್ನಿ. ಈ ಕತೆ ಕೇಳಿದ ಮೇಲೆ ತಟ್ಟೆಯ ಮುಂದೆ ಕೂರುವುದು ಕಷ್ಟ. ಉಂಡವರು ಸ್ವಲ್ಪ ಬಾಗಿಲ ಕಡೆ ಕೂತುಕೊಳ್ಳಿ, ನನ್ನ ಚಾಪೆ ಹಾಳಾಗಬಾರದು. ದೆವ್ವದ ಕತೆ ಬೇಕು ಅಂದಿರಲ್ಲ, ಹೇಳುತ್ತೇನೆ. ಇದರಲ್ಲಿ ಹೆದರಿಕೆಗಿಂತ ಹೇಸಿಗೆ ಜಾಸ್ತಿ. ನಡೆದದ್ದು ಬೇರೆ ಯಾರಿಗೋ ಅಲ್ಲ, ನಮ್ಮ ಸೋದರಮಾವನ ಮಗ ಕಾಂತೇಶನಿಗೆ. ಹೋದ ವರ್ಷ, ಚಳಿಗಾಲದಲ್ಲಿ.

ಊರ ಹೆಸರು ಹೇಳುವುದಿಲ್ಲ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಒಂದು ಕ್ರಾಸ್, ಕ್ರಾಸಿನಿಂದ ಒಂದೂವರೆ ಮೈಲಿ ಒಳಗೆ. ಅಷ್ಟು ಗೊತ್ತಿದ್ದರೆ ಸಾಕು.

ರಾತ್ರಿ ಒಂದೂವರೆ. ಮೆಕ್ಕೆಜೋಳದ ಲಾರಿಯೊಂದು ಕಾಂತೇಶನನ್ನು ಕ್ರಾಸಿನಲ್ಲಿ ಇಳಿಸಿ ಹೋಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಯಾರೋ ಮುಖಂಡನ ಹುಟ್ಟುಹಬ್ಬಕ್ಕೆ ಡಿಜೆ ಹಾಕಲು ಹೋಗಿದ್ದ. ಹೊಟ್ಟೆಯಲ್ಲಿ ಬಾಡೂಟ, ಅದರ ಮೇಲೆ ಎರಡು ಕ್ವಾರ್ಟರ್. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಜನ, ನಮ್ಮ ಮನೆಯ ಅಂಗಳ ದಾಟಿ ಮೊಟ್ಟೆಯ ಸಿಪ್ಪೆ ಕೂಡ ಬಂದದ್ದಿಲ್ಲ. ಇವನು ತೇಗಿದಾಗೊಮ್ಮೆ ಬೆಳ್ಳುಳ್ಳಿ ಮಸಾಲೆ ಮೂಗಿಗೆ ಬರುತ್ತಿತ್ತಂತೆ. ವಾಸನೆ ಮುಚ್ಚಲು ನಾಲ್ಕು ಏಲಕ್ಕಿ ಬಾಯಿಗೆ ಹಾಕಿಕೊಂಡಿದ್ದ. ಸಗಣಿ ಗುಂಡಿಗೆ ಮಲ್ಲಿಗೆ ಮುಡಿಸಿದರೆ ಏನು ಬಂತು?

ಅವಸರದಲ್ಲಿದ್ದ. ಯಾಕೆಂದರೆ ಊರಲ್ಲಿ ಒಂದು ಹೆಣ ಅವನಿಗಾಗಿ ಕಾಯುತ್ತಾ ಕೂತಿತ್ತು. ಕೂತಿತ್ತು ಅಂದರೆ ಕೂತೇ ಇತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಗೋಡೆಗೆ ಆನಿಸಿ ಕುಂದ್ರಿಸುತ್ತೇವೆ. ಮಣ್ಣಿಗೆ ಒಯ್ಯುವವರೆಗೆ ಎದುರಿಗೆ ಭಜನೆ. ನಡುವೆ ದನಿ ಕಡಿಯಬಾರದು.

ಆ ಹೆಣ ಮರುಳಪ್ಪತಾತನದು. ಭಜನೆ ಮರುಳಪ್ಪ ಅಂದರೆ ಕೊಟ್ಟೂರಿನಿಂದ ಹಿಡಿದು ಅತ್ತ ಹೊಳಲಿನವರೆಗೆ ಗೊತ್ತು. ನಲವತ್ತು ವರ್ಷ ಸತ್ತವರ ಮುಂದೆ ರಾತ್ರಿಯಿಡೀ ಹಾಡಿದ ಮನುಷ್ಯ. ಅವನಿಗೆ ಕಾಂತೇಶ ಮಾತು ಕೊಟ್ಟಿದ್ದ. ನೀನು ಕೂತ ರಾತ್ರಿ ನಾನೇ ಬಂದು ಹಾಡುತ್ತೇನೆ, ಅಂತ. ಹತ್ತು ಗಂಟೆಗೆ ಬರಬೇಕಾದವನು ಒಂದೂವರೆಗೆ ಇನ್ನೂ ದಾರಿಯಲ್ಲಿದ್ದ.

ಊರಿಗೆ ಅರ್ಧ ಮೈಲಿ ಇರುವಾಗ ಎಡಕ್ಕೆ ಹಳೇ ಬಾವಿ ಸಿಗುತ್ತದೆ. ಒಂದು ಕಾಲಕ್ಕೆ ಊರೆಲ್ಲ ಅದರ ನೀರನ್ನೇ ಕುಡಿದದ್ದು. ನಲ್ಲಿ ಬಂದ ಮೇಲೆ ಊರೆಲ್ಲ ಸೇರಿ ಅದನ್ನು ತಿಪ್ಪೆ ಮಾಡಿದರು. ಉಂಡ ಎಲೆ, ಕೋಳಿ ಪುಚ್ಚ, ಮಕ್ಕಳ ಹೇಲುಬಟ್ಟೆ, ಸತ್ತ ನಾಯಿ... ಏನೇನು ಬೇಡವೋ ಎಲ್ಲ ಅದರೊಳಗೆ. ಹಗಲು ಹೊತ್ತಿನಲ್ಲೇ ಮೂಗು ಮುಚ್ಚಿಕೊಂಡು ದಾಟಬೇಕು.

ಅಲ್ಲಿಗೆ ಬಂದಾಗ ಕಾಂತೇಶನಿಗೆ ಹಾಡು ಕೇಳಿಸಿತು. ದೂರದಲ್ಲಿ... ಸಣ್ಣಗೆ... ಗುಂಯ್... ಅಂತ. ಅದರ ಮೇಲೆ ಗಂಡಸಿನ ದಪ್ಪ ದನಿ. ತಾನೇ ಸಂಜೆ ಹೆಣದ ಮನೆಯಲ್ಲಿ ಪ್ಲಗ್ ಹಚ್ಚಿ ಬಂದ ಹಾಡು. ಅವನಿಗೆ ಹೋದ ಜೀವ ಬಂತು. "ಸದ್ಯ, ನಡ್ಯಾಕ ಹತ್ತೈತಿ. ದನಿ ಕಡದಿಲ್ಲ" ಅಂದುಕೊಂಡು ಬಾವಿಯ ಕಟ್ಟೆಗೆ ಬೆನ್ನು ಹಾಕಿ ನಿಂತು ಒಂದು ಬೀಡಿ ಹಚ್ಚಿದ.

ಆ ಹಾಡಿನಲ್ಲಿ ನಡುವೆ ಒಂದು ಕಡೆ ಎಲ್ಲ ದನಿಗಳೂ ಒಮ್ಮೆಲೇ ನಿಲ್ಲುತ್ತವೆ. ನಾಲ್ಕು ಮಾತ್ರೆಯಷ್ಟು ಹೊತ್ತು ಏನೂ ಇಲ್ಲ. ನಿಂತವು.

ಒಂದು... ಎರಡು...

ಬೆನ್ನ ಹಿಂದೆ, ಬಾವಿಯೊಳಗಿನಿಂದ, ಯಾರೋ ಗಂಟಲು ಕೆರೆದರು. ಖರ್‍ರ್‍ರ್...

ಅಲ್ಲಿಗೇ ಅವನನ್ನು ನಿಲ್ಲಿಸೋಣ. ಆ ಸದ್ದು ಅವನಿಗೆ ಯಾಕೆ ಗುರುತು ಸಿಕ್ಕಿತು ಅಂತ ಮೊದಲು ಹೇಳಬೇಕು.

ಕಾಂತೇಶ ಹತ್ತೊಂಬತ್ತರ ಪ್ರಾಯದಲ್ಲಿ ಮರುಳಪ್ಪತಾತನ ಮೇಳಕ್ಕೆ ಸೇರಿದ್ದ. ಕಂಠ ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ. ತಾತನ ಬಾಯಲ್ಲಿ ಯಾವಾಗಲೂ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಜೊತೆಗೆ ಹಳೇ ಕೆಮ್ಮು. ಒಂದು ಭಜನೆ ಪದ ಮುಗಿದ ಕೂಡಲೇ ಖರ್‍ರ್ ಅಂತ ಕೆರೆದು, ಥೂ ಅಂತ ಮಗ್ಗುಲಿನ ವನಸ್ಪತಿ ಡಬ್ಬಿಗೆ ಉಗುಳಿ, ಟಣ್ ಅಂತ ಮುಚ್ಚಳ ಹಾಕಿ ಮುಂದಿನ ಪದ ಎತ್ತಿಕೊಳ್ಳುವನು. ಬೆಳಗಾಗುವುದರೊಳಗೆ ಡಬ್ಬಿ ತುಂಬಿರುತ್ತಿತ್ತು. ಕೆಂಪು ರಸ, ಮೇಲೆ ಹಳದಿ ಕಫದ ಗಡ್ಡೆ ತೇಲುತ್ತಾ... ಮುಖ ಯಾಕೆ ತಿರುಗಿಸುತ್ತೀರಿ? ಮೊದಲೇ ಹೇಳಿದ್ದೆ.

ಆ ಡಬ್ಬಿ ಚೆಲ್ಲುವುದು ಹೊಸದಾಗಿ ಸೇರಿದವನ ಕೆಲಸ. ಅದಕ್ಕೂ ತಾತನದೊಂದು ಕಟ್ಟಳೆ ಇತ್ತು. "ಪದ ಹಾಡಿದ ಬಾಯಿಂದ ಬಿದ್ದದ್ದು, ಮಂದಿ ಕಾಲಿಗೆ ಹತ್ತಬಾರ್ದು. ಊರ ಹೊರಗ ಕುಣಿ ತೋಡು, ಸುರಿ, ಮಣ್ಣು ಮುಚ್ಚು." ಅಷ್ಟೇ. ಮೇಳದ ಹಿರಿಯರೆಲ್ಲ ತಮ್ಮ ಸರದಿಯಲ್ಲಿ ಎರಡೆರಡು ವರ್ಷ ಹಾಗೇ ಮಾಡಿದ್ದರು.

ಕಾಂತೇಶನಿಗೆ ಹೇಸಿಗೆ. ಅದರಲ್ಲಿ ತಪ್ಪೇನಿಲ್ಲ, ನನಗಾದರೂ ಹೇಸಿಗೆಯೇ. ಆದರೆ ಇವನು ಮಾಡಿದ್ದೇನು ಗೊತ್ತೇ? ಊರ ಹೊರಗೆ ಹೋಗಿ ಕುಣಿ ತೋಡಲು ಸೋಮಾರಿತನ. ದಾರಿಯಲ್ಲಿ ಬಾವಿ. ಕೈ ಚಾಚಿ ಡಬ್ಬಿ ಬೋರಲು ಹಾಕಿ, ಅದೇ ನೀರಲ್ಲಿ ತೊಳೆದುಕೊಂಡು ಬರುತ್ತಿದ್ದ. ಎರಡು ವರ್ಷ. ಆಗ ಇನ್ನೂ ನಲ್ಲಿ ಬಂದಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹೆಂಗಸರು ಅಲ್ಲಿಗೇ ಕೊಡ ತರುತ್ತಿದ್ದರು. ನಾನು ಕುಡಿದಿದ್ದೇನೆ. ನನ್ನ ಅವ್ವ ಕುಡಿದಿದ್ದಾಳೆ. ದೇವರಿಗೆ ಅಭಿಷೇಕಕ್ಕೂ ಅದೇ ನೀರು. ಇವನು ಇದನ್ನು ನನಗೆ ಹೇಳಿದ ದಿನ ಎದ್ದು ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದೆ. ಇಪ್ಪತ್ತು ವರ್ಷದ ಹಿಂದೆ ಕುಡಿದದ್ದು ಮುಕ್ಕಳಿಸಿದರೆ ಹೋಗುತ್ತದೆಯೇ?

ಆಮೇಲೆ ಮೇಳ ಬಿಟ್ಟ, ಮೈಕ್‌ಸೆಟ್ ಅಂಗಡಿ ಹಾಕಿದ. ಅದು ಅವನಿಗೆ ಕೈಹಿಡಿಯಿತು.

ತಾತ ಸಾಯುವುದಕ್ಕೆ ಮೂರು ವರ್ಷ ಮೊದಲು ಹರಪನಹಳ್ಳಿ ಕಡೆಯ ಒಂದು ಕಾನ್ವೆಂಟಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ತೀರಿಕೊಂಡರು. ಸ್ಪೀಕರ್ ಹಚ್ಚಲು ಕಾಂತೇಶನನ್ನು ಕರೆದರು. ಮಂಗಳೂರು ಕಡೆಯ ಇನ್ನೊಬ್ಬ ಸಿಸ್ಟರ್ ಪೆನ್‌ಡ್ರೈವ್ ಕೈಗಿಟ್ಟು, ಇದನ್ನು ಮೆಲ್ಲಗೆ ಹಾಕಿ ಅಂದರು. ಹನ್ನೊಂದು ನಿಮಿಷದ ಹಾಡು. ಮೊದಲು ಏನೋ ದೊಡ್ಡ ವಾದ್ಯದ ಗುಂಯ್‌ಗುಟ್ಟುವಿಕೆ, ನಮ್ಮ ಹಾರ್ಮೋನಿಯಂನ ಮುತ್ತಾತ ಅನ್ನಿ. ಅದರ ಮೇಲೆ ಗಂಡಸಿನ ದಪ್ಪ ದನಿ ಕೆಳಗಿನಿಂದ ಏಳುತ್ತದೆ. ಅದು ಸಾಲು ಮುಗಿಸುವುದರೊಳಗೆ ಇನ್ನೊಂದು ದನಿ ಅದೇ ಸಾಲನ್ನು ಸ್ವಲ್ಪ ಮೇಲಿನಿಂದ ಎತ್ತಿಕೊಳ್ಳುತ್ತದೆ. ಆಮೇಲೆ ಮೂರನೆಯದು. ಆಮೇಲೆ ಹೆಂಗಸರದು. ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡು ಹತ್ತುತ್ತಾ ಹತ್ತುತ್ತಾ ಹೋಗಿ... ಗಪ್ಪನೆ ನಿಲ್ಲುತ್ತವೆ. ನಾಲ್ಕು ಮಾತ್ರೆ ಮೌನ. ಮತ್ತೆ ಶುರು.

"ನಡುವ ನಿಂತೋತಲ್ರಿ ಸಿಸ್ಟರ್, ಫೈಲ್ ಕೆಟ್ಟೈತೇನ್ರಿ?" ಅಂತ ಕಾಂತೇಶ ಕೇಳಿದ.

"ಕೆಟ್ಟಿಲ್ಲ" ಅಂದರು ಅವರು. "ಇದು ಬೈಬಲ್ಲಿನ ದಾವೀದನ ಕೀರ್ತನೆ, ಲ್ಯಾಟಿನ್ ಭಾಷೆಯಲ್ಲಿದೆ. ಮುನ್ನೂರು ವರ್ಷದ ಹಿಂದೆ ಇಟಲಿಯಲ್ಲಿ ಒಬ್ಬರು ನಾಲ್ಕು ದನಿಗೆ ಕೂಡಿಸಿದ್ದು. ಆಳದಲ್ಲಿ ಬಿದ್ದವನು ದೇವರನ್ನು ಕೂಗುತ್ತಾನೆ, ನನ್ನ ದನಿ ಕೇಳು ಅಂತ. ಅದಕ್ಕೇ ಸತ್ತವರ ಮುಂದೆ ಹಾಡುತ್ತೇವೆ. ಆ ಮೌನವನ್ನೂ ಅವರೇ ಬರೆದದ್ದು."

ಕಾಂತೇಶನಿಗೆ ಉಳಿದದ್ದು ಒಂದೇ ಮಾತು, ಸತ್ತವರ ಮುಂದೆ. ಕೇಳದೆ ಹೇಳದೆ ಕಾಪಿ ಮಾಡಿಕೊಂಡ. ಕೊಟ್ಟೂರಿನ ಒಬ್ಬ ದಲ್ಲಾಳಿಯ ಮನೆಯಲ್ಲಿ ಸಾವಾದಾಗ, "ಭಜನಿ ಎಲ್ಲಾ ಹಳೇದಾತ್ರಿ. ದಿಲ್ಲಿಯಾಗ ದೊಡ್ಡ ಮಂದಿ ಸತ್ರ ಇದನ್ನ ಹಾಕೋದು" ಅಂದ. ಅಷ್ಟು ಸಾಕಾಯಿತು. ಅರ್ಥವಾಗದ ಹಾಡಿಗೆ ಬೆಲೆ ಜಾಸ್ತಿ. ಒಬ್ಬರ ಮನೆಯಲ್ಲಿ ಹಾಕಿದರು ಅಂತ ಇನ್ನೊಬ್ಬರು ಹಾಕಿಸಿದರು. ನೋಡನೋಡುತ್ತಾ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಉಳ್ಳವರ ಹೆಣದ ಮುಂದೆಲ್ಲ ಲ್ಯಾಟಿನ್ ಹಾಡು. ಭಜನೆಯವರಾದರೆ ನಾಲ್ಕು ಸಲ ಚಹಾ ಕೇಳುತ್ತಾರೆ, ಕೆಮ್ಮುತ್ತಾರೆ, ಉಗುಳುತ್ತಾರೆ. ಸ್ಪೀಕರ್‌ಗೆ ಪ್ಲಗ್ ಹಚ್ಚಿದರಾಯಿತು, ಮನೆಯವರು ಹಾಯಾಗಿ ಮಲಗಬಹುದು. ಅಪ್ಪನ ಹೆಣದ ಎದುರು ಗೊರಕೆ ಹೊಡೆದ ಮಕ್ಕಳನ್ನು ನಾನೇ ನೋಡಿದ್ದೇನೆ.

ಆ ದಲ್ಲಾಳಿಯ ಮನೆಗೂ ಮರುಳಪ್ಪತಾತ ಬಂದಿದ್ದ. ಕರೆಯದೆ ಬಂದದ್ದು, ಸಾವಿನ ಮನೆಗೆ ಕರೆಯುವವರು ಯಾರು, ಸುದ್ದಿ ಕೇಳಿ ಹೋಗುವುದೇ ಪದ್ಧತಿ. ಚೀಲದಲ್ಲಿ ತಾಳ, ಕಂಕುಳಲ್ಲಿ ಡಬ್ಬಿ. "ಬ್ಯಾಡ್ರಿ ತಾತ, ಮ್ಯೂಜಿಕ್ ಹಾಕೀವಿ" ಅಂದರು ಮಕ್ಕಳು. ತಾತ ಹಿಂದಕ್ಕೆ ಹೋಗಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಸ್ಪೀಕರ್ ಎದುರಿಗೆ ಕೂತು ರಾತ್ರಿಯಿಡೀ ಕೇಳಿದ. ಬೆಳಿಗ್ಗೆ ವೈರು ಸುತ್ತುತ್ತಿದ್ದ ಕಾಂತೇಶನ ಹತ್ತಿರ ಬಂದ. ಬೈಯುತ್ತಾನೆ ಅಂತ ಇವನು ತಲೆ ತಗ್ಗಿಸಿದ.

"ಲೇ ಕಾಂತೇಶಾ, ಭಾಳ ಚಲೋ ಹಾಡ್ತಾರಲೋ ಇವರು. ಯಾರ ಹೊಟ್ಟಿ ಮಕ್ಕಳೋ."

"ಅದು ನಮ್ಮ ಭಾಷಿ ಅಲ್ಲ ತಾತ."

"ಭಾಷಿ ತಗಂಡು ಏನು ಮಾಡ್ತಿ? ಒಬ್ಬ ತೆಳಗ ಬಿದ್ದು ಕೂಗಾಕ ಹತ್ಯಾನ. ಉಳಿದೋರು ಅವನ ಮಾತು ಎತ್ತಿಕೊಳ್ತಾರ. ಭಜನಿ ಅಂದ್ರ ಅಷ್ಟಽ. ಆದ್ರ ಒಂದು ಜಾಗದಾಗ ಎಲ್ರೂ ನಿಂದರ್ತಾರ ನೋಡು... ಅಲ್ಲಿ ಯಾರೋ ಎತ್ತಿಕೊಳ್ಳಬೇಕು. ಅದಕ್ಕ ಕಾಯ್ತಾರ ಅವರು. ರಾತ್ರೆಲ್ಲಾ ನಾನೂ ಕಾಯ್ದೆ. ಯಾರೂ ಬರಲಿಲ್ಲ."

ಖರ್‍ರ್... ಥೂ. ಟಣ್. ತಾತ ಬಾಯಿ ಒರೆಸಿಕೊಂಡು ಚೀಲದಿಂದ ತಾಳ ತೆಗೆದು ಇವನ ಕೈಯಲ್ಲಿಟ್ಟ.

"ನಾ ಕುಂತ ರಾತ್ರಿ ಪ್ಲಗ್ ಹಚ್ಚಿ ಹೋಗಬ್ಯಾಡಪ್ಪ. ನೀನಽ ಬಾ. ಹರಕು ದನಿ ಆದ್ರೂ ಆಗ್ಲಿ, ಮನಷ್ಯಾರ ದನಿ ಇರ್ಲಿ."

"ಆತು ತಾತ. ನಾನಽ ಬರ್ತೀನಿ."

"ಮುಟ್ಟಿ ಹೇಳು."

ಕಾಂತೇಶ ತಾಳ ಮುಟ್ಟಿ ಹೇಳಿದ.

ಆಮೇಲೆ ತಾತನ ಕೆಮ್ಮು ಹೆಚ್ಚಾಯಿತು. ಡಾಕ್ಟರು ಎಲೆ ಅಡಿಕೆ ಬಿಡಿಸಿದರು. ಮಗಳು ಅನ್ನದಾನಮ್ಮ, ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಹಾಕಿ ಅಪ್ಪನನ್ನು ಸಾಕಿದವಳು, ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ತೊಳೆದು ಗೋಡೆಯ ಮಾಡದಲ್ಲಿ ಬೋರಲು ಇಟ್ಟಳು. ಎರಡು ತಿಂಗಳು ಅದು ಅಲ್ಲೇ ಇತ್ತು. ಒಂದು ಮಧ್ಯಾಹ್ನ ತಾತ ಹೋಗಿಬಿಟ್ಟ. ಮೇಳದಲ್ಲಿ ಉಳಿದಿದ್ದವರು ಇಬ್ಬರು. ಒಬ್ಬನಿಗೆ ಲಕ್ವಾ ಹೊಡೆದು ಬಾಯಿ ಸೊಟ್ಟಗಾಗಿತ್ತು, ಇನ್ನೊಬ್ಬ ತಂಬ್ರಹಳ್ಳಿಯ ಮಗಳ ಮನೆ ಸೇರಿದ್ದ. ಹಾಡುವವನು ಅಂತ ಇದ್ದದ್ದು ಕಾಂತೇಶ ಒಬ್ಬನೇ. ಅವತ್ತೇ ಹಗರಿಬೊಮ್ಮನಹಳ್ಳಿಯ ಡಿಜೆ.

ಸಂಜೆ ಬಂದು ಸ್ಪೀಕರ್ ಇಟ್ಟ, ಪೆನ್‌ಡ್ರೈವ್ ಚುಚ್ಚಿದ, ಮುಗಿದರೆ ಮತ್ತೆ ಮೊದಲಿನಿಂದ ಬರುವ ಹಾಗೆ ಮಾಡಿದ.

"ಅಪ್ಪ ನಿನ್ನಿ ತನಕ ಹೇಳ್ತಿದ್ದ, ಕಾಂತೇಶ ಬರ್ತಾನ, ಹಾಡ್ತಾನ ಅಂತ" ಅಂದಳು ಅನ್ನದಾನಮ್ಮ.

"ಬರ್ತೀನಕ್ಕ, ಹತ್ತಕ್ಕ ಬಂದುಬಿಡ್ತೀನಿ. ಅಲ್ಲೀ ತನಕ ಇದು ಹಾಡ್ತಿರ್ತೈತಿ" ಅಂದು ಗಾಡಿ ಹತ್ತಿದ. ಹೆಣದ ಮುಖವನ್ನು ನೋಡಲೂ ಇಲ್ಲ.

ಈಗ ಬಾವಿಗೆ ಬನ್ನಿ.

ಬೀಡಿ ಕೈಯಿಂದ ಬಿತ್ತು. ಹಂದಿ ಇರಬೇಕು, ಹಂದಿಯೇ ಇರಬೇಕು ಅಂದುಕೊಂಡ. ಮೂರು... ನಾಲ್ಕು... ದನಿಗಳು ಮತ್ತೆ ಶುರುವಾಗಬೇಕಿತ್ತು. ಆಗಲಿಲ್ಲ. ಅದರ ಬದಲು ಒಂದೇ ಒಂದು ದನಿ, ಒಡಕು ದನಿ, ಮುದುಕನ ದನಿ, ಬಾವಿಯ ತಳದಿಂದ ಆ ಸಾಲನ್ನು ಎತ್ತಿಕೊಂಡಿತು. ಆಮೇಲೆ ನಾಲ್ಕೂ ಅದರ ಹಿಂದೆ ಬಂದವು. ಆಗ ಅವನಿಗೆ ತಿಳಿಯಿತು... ಹಾಡು ಊರ ಕಡೆಯಿಂದ ಬರುತ್ತಿಲ್ಲ. ಮೊದಲಿನಿಂದಲೂ ಅದು ಬಾವಿಯೊಳಗಿನಿಂದಲೇ ಬರುತ್ತಿತ್ತು.

ಓಡಬೇಕು. ಕಟ್ಟೆಯಿಂದ ಬೆನ್ನು ಎತ್ತಿದ.

ಹಾಡು ನಿಂತಿತು. ಖರ್‍ರ್‍ರ್... ಥೂ.

ಪಚಕ್.

ಎಡಗಾಲಿನ ಮೇಲೆ ಏನೋ ಬಿತ್ತು. ಬೆಚ್ಚಗಿತ್ತು. ಚಪ್ಪಲಿಯ ಬಾರಿನ ಸಂದಿಯಿಂದ ಬೆರಳಿನ ನಡುವೆ ಇಳಿಯಿತು. ಸುಣ್ಣ, ಹೊಗೆಸೊಪ್ಪು, ಕಫ... ಬಾವಿಯ ಗಬ್ಬುನಾತದ ನಡುವೆಯೂ ಆ ವಾಸನೆ ಬೇರೆಯಾಗಿ ಬಂತಂತೆ. ಎರಡು ವರ್ಷ ದಿನಾ ಬೆಳಿಗ್ಗೆ ಮೂಗಿಗೆ ಹೊಡೆದ ವಾಸನೆ, ಮರೆಯುವುದುಂಟೇ?

"ಡಬ್ಬಿ ಎಲ್ಲೋ..." ಪಿಸುಮಾತು. ಕಿವಿಯ ಹತ್ತಿರವೇ.

ಕಾಂತೇಶ ಕಾಲನ್ನು ನೆಲಕ್ಕೆ ಉಜ್ಜಿದ.

"ಎಲ್ಲಿ ಚೆಲ್ತಿದ್ದಿ?"

"ಕು... ಕುಣ್ಯಾಗ, ತಾತ."

ನೋಡಿ ಇವನ ಸುಳ್ಳು! ಸತ್ತವನ ಎದುರಿಗೂ ಸುಳ್ಳು.

ಸ್ವಲ್ಪ ಹೊತ್ತು ಏನೂ ಇಲ್ಲ. ನಾಲ್ಕು ಮಾತ್ರೆಯಷ್ಟು. ಆಮೇಲೆ ಅದೇ ಪಿಸುದನಿ, ಸಿಟ್ಟಿಲ್ಲ, ಏನಿಲ್ಲ.

"ನಾನೂ ಇದಽ ನೀರು ಕುಡದೀನಲೋ ತಮ್ಮಾ."

ಕಾಂತೇಶನ ಹೊಟ್ಟೆಯಲ್ಲಿದ್ದ ಬಾಡೂಟವೆಲ್ಲ ಅಲ್ಲೇ ಬಂತು. ಕಟ್ಟೆ ಹಿಡಿದುಕೊಂಡು ಕಾರಿದ, ಮೂಗಿನಲ್ಲಿ ಬಾಯಲ್ಲಿ. ಕಾರುತ್ತಲೇ ಓಡಿದ. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಅನ್ನದಾನಮ್ಮನ ಮನೆ ಕತ್ತಲು. ಹೆಣದ ಮುಂದೆ ಒಂದು ಎಣ್ಣೆ ದೀಪ ಅಷ್ಟೇ. ಬಂದಿದ್ದ ನಾಲ್ಕು ಹೆಂಗಸರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಅವಳೊಬ್ಬಳೇ ಎಚ್ಚರ.

"ಹಾಡು... ಹಾಡು ನಡ್ಯಾಕ ಹತ್ತಿತ್ತಲ್ಲಕ್ಕ, ಈಗ?" ಅಂದ ಏದುಸಿರು ಬಿಡುತ್ತಾ.

"ಯಾವ ಹಾಡು? ಹನ್ನೊಂದಕ್ಕ ಕರೆಂಟ್ ಹೋತು. ಅವಾಗಿಂದ ಮನಿ ಭಣಭಣ. ನಾ ಒಬ್ಬಾಕಿ ಏನು ಹಾಡ್ಲಿ? ಶಿವಾ ಶಿವಾ ಅನ್ಕೋತ ಕುಂತೀನಿ."

ಸ್ಪೀಕರ್ ಮುಟ್ಟಿ ನೋಡಿದ. ಕಲ್ಲಿನ ಹಾಗೆ ತಣ್ಣಗಿತ್ತು.

ಆಗ ಅವಳಿಗೆ ಇವನ ವಾಸನೆ ಹೊಡೆಯಿತು. ಸೆರಗು ಮೂಗಿಗೆ ಹಿಡಿದಳು. "ಏನು ತಿಂದು ಬಂದೀಯೋ? ಥೂ ನಿನ್ನ! ನನ್ನಪ್ಪನ ಮುಂದ ಈ ಬಾಯಿ ಇಟ್ಕಂಡು ಬಂದೀಯಾ?" ಕಾಂತೇಶ ಅಳಲು ಶುರು ಮಾಡಿದ. ಅವಳಿಗೆ ಅಳುವವನನ್ನು ಸಮಾಧಾನ ಮಾಡುವ ಪುರಸೊತ್ತಿರಲಿಲ್ಲ. ದೀಪ ಎತ್ತಿ ಅಪ್ಪನ ಮುಖಕ್ಕೆ ಹಿಡಿದಳು.

"ಇದು ನೋಡಿಲ್ಲಿ. ಮೂರು ಸಲ ಒರೆಸೀನಿ. ಮತ್ತ ಬರ್ತೈತಿ."

ವಿಭೂತಿ ಬಳಿದ ಬಿಳೀ ಮುಖ. ಎಡಗಡೆಯ ಕಟವಾಯಿಯಿಂದ ಗದ್ದದವರೆಗೆ ಒಂದು ಕೆಂಪು ಗೆರೆ. ಹಸಿ. ಎರಡು ತಿಂಗಳಿಂದ ಎಲೆ ಮುಟ್ಟದ ಬಾಯಿ ಅದು.

"ನೀನು ಬರೋ ತನಕ ನಿಲ್ಲವಲ್ದೇನೋ" ಅಂದಳು. "ಬಾಯಿ ತೊಳ್ಕೊ. ತಲಿಮ್ಯಾಲ ನೀರು ಹಾಕ್ಕೊ. ಹಾಡು."

ಚಳಿಯಲ್ಲಿ ನಾಲ್ಕು ಕೊಡ ತಣ್ಣೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲಿ ತಾತನ ತಾಳ ಹಿಡಿದು ಕೂತ. ಬಾಯಿ ತೆರೆದ. ಏನೂ ಬರಲಿಲ್ಲ. ಮೇಳದಲ್ಲಿ ಕಲಿತ ಪದಗಳೆಲ್ಲ ಎಲ್ಲಿಗೆ ಹೋದವೋ. ಒಂದರ ಮೊದಲ ಸಾಲು ಸಿಕ್ಕರೆ ಎರಡನೆಯದಿಲ್ಲ. ಇಪ್ಪತ್ತು ವರ್ಷ ಮುಟ್ಟಿರದಿದ್ದರೆ ಇನ್ನೇನಾಗುತ್ತದೆ? ಅನ್ನದಾನಮ್ಮ ದುರುಗುಟ್ಟಿ ನೋಡುತ್ತಿದ್ದಾಳೆ. ಎದುರಿಗೆ ಆ ಕೆಂಪು ಗೆರೆ ಮೆಲ್ಲಗೆ ಕೊರಳಿಗೆ ಇಳಿಯುತ್ತಿದೆ.

ಕೊನೆಗೆ ಅವನ ಬಾಯಿಗೆ ಬಂದದ್ದು ಲ್ಯಾಟಿನ್ ಹಾಡು. ಮೂರು ವರ್ಷ, ನೂರಾರು ಹೆಣದ ಮುಂದೆ ಕೇಳಿದ್ದು ಅದೊಂದೇ. ಅರ್ಥ ಗೊತ್ತಿಲ್ಲ. ಮಾತು ಕಿವಿಗೆ ಬಿದ್ದ ಹಾಗೆ. ಆ ದಪ್ಪ ದನಿಯ ಸಾಲನ್ನು ಹಿಡಿದು, ತಾಳ ಹಾಕುತ್ತಾ, ನಮ್ಮ ಭಜನೆಯ ಧಾಟಿಗೆ ಎಳೆದುಕೊಂಡು ಹಾಡಿದ. ಒಂದು ದನಿ ಮುಗಿದರೆ ಎರಡನೆಯದನ್ನೂ ತಾನೇ, ಮೂರನೆಯದನ್ನೂ ತಾನೇ. ಗಂಟಲು ಒಡೆದಿತ್ತು. ಆಳದಲ್ಲಿ ಬಿದ್ದವನು ಕೂಗುತ್ತಾನೆ ಅಂತ ಸಿಸ್ಟರ್ ಹೇಳಿದ್ದು ಆಗ ನೆನಪಾಯಿತಂತೆ. ಹಾಡುತ್ತಾ ಹಾಡುತ್ತಾ ಆ ಜಾಗಕ್ಕೆ ಬಂದ. ಅಭ್ಯಾಸಬಲ, ನಿಂತ.

ಒಂದು... ಎರಡು...

ಖರ್‍ರ್‍ರ್...

ಅವನು ಕಣ್ಣು ಮುಚ್ಚಿಕೊಂಡ. ಹಾಗಾಗಿ ಯಾರ ಬಾಯಿ ಅಲುಗಿತು, ಯಾರದು ಇಲ್ಲ ಅಂತ ಅವನು ನೋಡಿಲ್ಲ. ಅವನಿಗೆ ಕೇಳಿಸಿದ್ದು ಇಷ್ಟು. ಎದುರಿನಿಂದ ಒಡಕು ದನಿಯೊಂದು ಆ ಸಾಲನ್ನು ಎತ್ತಿಕೊಂಡಿತು. ಅನ್ನದಾನಮ್ಮನ ಬಳೆ ಸದ್ದಾಯಿತು. ಅವಳು ಎದ್ದಳು. ಕೂಗಲಿಲ್ಲ, ಹೆದರಲೂ ಇಲ್ಲ. ಆ ಕೆರೆತ ಕೇಳಿದರೆ ಏನು ಮಾಡಬೇಕು ಅಂತ ಹುಟ್ಟಿದಾಗಿನಿಂದ ಅವಳ ಕೈಗೆ ಗೊತ್ತಿತ್ತು. ಮಾಡದಿಂದ ಡಬ್ಬಿ ಇಳಿಸಿ ತಂದು ಅಪ್ಪನ ಮೊಣಕಾಲ ಹತ್ತಿರ ಇಟ್ಟು, ಮತ್ತೆ ಹೋಗಿ ಕೂತಳು.

ಥೂ. ಟಣ್.

ಬೆಳಗಿನವರೆಗೆ ಹಾಡಿದ. ಹನ್ನೊಂದು ನಿಮಿಷದ ಹಾಡು ಎಷ್ಟು ಸಲ ಆಯಿತೋ. ಪ್ರತಿ ಸಲ ಆ ಜಾಗದಲ್ಲಿ ನಿಂತ, ಪ್ರತಿ ಸಲ ಎತ್ತಿಕೊಳ್ಳುವ ದನಿ ಬಂತು. ಹೆಂಗಸರು ಎದ್ದಾಗ ಬೆಳಕು ಹರಿದಿತ್ತು. ಹೆಣದ ಮುಖ ಒಣಗಿ ಸ್ವಚ್ಛವಾಗಿತ್ತು, ಕೆಂಪು ಗೆರೆ ಇರಲಿಲ್ಲ. "ರಾತ್ರಿ ಇಬ್ರು ಹಾಡಿದಂಗ ಕೇಳ್ತಲ್ಲ, ಇನ್ನೊಬ್ರು ಯಾರು ಬಂದಿದ್ರು?" ಅಂತ ಪಕ್ಕದ ಮನೆಯ ಹಂಪಕ್ಕ ಕೇಳಿದಳಂತೆ. ಅನ್ನದಾನಮ್ಮ ಡಬ್ಬಿಯ ಮುಚ್ಚಳ ಎತ್ತಿ ನೋಡಿದಳು.

ಡಬ್ಬಿ ತುಂಬಿತ್ತು. ಅಂಚಿನವರೆಗೆ.

ಮಣ್ಣು ಮಾಡಿ ಬಂದ ಮೇಲೆ ಕಾಂತೇಶ ಯಾರಿಗೂ ಮುಟ್ಟಲು ಬಿಡದೆ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಊರ ಹೊರಗೆ ಹೋದ. ಬಾವಿಯ ಮುಂದೆಯೇ ಹೋಗಬೇಕು, ಹೋದ. ನಿಲ್ಲಲಿಲ್ಲ. ಕುಣಿ ತೋಡಿದ, ಸುರಿದ, ಮಣ್ಣು ಮುಚ್ಚಿದ. ಡಬ್ಬಿ ತೊಳೆದು, ತಾಳದ ಜೊತೆ ತನ್ನ ಮನೆಯ ಮಾಡದಲ್ಲಿಟ್ಟ. ಮುಗಿಯಿತು ಅಂದುಕೊಂಡ.

ಈಗ ಅವನು ಸಾವಿನ ಮನೆಗೆ ಸ್ಪೀಕರ್ ಒಯ್ಯುವುದಿಲ್ಲ. ತಾನೇ ಹೋಗುತ್ತಾನೆ, ತಾಳ ಹಿಡಿದು ಹಾಡುತ್ತಾನೆ. ಅದೇ ಹಾಡು. ಮರುಳಪ್ಪನ ಯಾವುದೋ ಹಳೇ ಪದ ಇರಬೇಕು ಅಂತ ಜನ ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ನಡುವೆ ಒಂದು ಕಡೆ ನಿಲ್ಲುತ್ತಾನಲ್ಲ, ಅಲ್ಲಿ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ.

ನಂಬಿಕೆ ಇಲ್ಲವೇ? ಇಷ್ಟೆಲ್ಲ ಕುಡಿದವನ ಕನಸು ಅಂತೀರಾ? ಅನ್ನಿ. ಕಾಂತೇಶ ಎಲೆ ಅಡಿಕೆ ಹಾಕುವುದಿಲ್ಲ, ಹೊಗೆಸೊಪ್ಪು ಮುಟ್ಟುವುದಿಲ್ಲ, ಹೆಂಡತಿ ಗಂಗಾಂಬಿಕಾ ತವರಿಗೆ ಹೋದಾಗಿನಿಂದ ಮನೆಯಲ್ಲಿ ಅವನೊಬ್ಬನೇ. ಅವಳು ಯಾಕೆ ಹೋದಳು ಅಂತ ಕೇಳಬೇಡಿ, ಮಾಡದಲ್ಲಿ ದಿನಾ ಬೆಳಿಗ್ಗೆ ಆ ಡಬ್ಬಿ ತುಂಬಿರುವುದನ್ನು ಕಂಡರೆ ಯಾವ ಹೆಂಗಸು ಇರುತ್ತಾಳೆ? ಬೆಳಿಗ್ಗೆ ಐದೂವರೆಗೆ ಸಲಿಕೆ ಹೆಗಲಿಗೆ ಹಾಕಿಕೊಂಡು, ಡಬ್ಬಿ ಹಿಡಿದುಕೊಂಡು ಊರ ಹೊರಗೆ ಹೋಗುತ್ತಾನೆ. ಹೋದ ವಾರ ನಾನು ಹಿಂದಿನಿಂದ ಹೋಗಿ ಇಣುಕಿ ನೋಡಿದೆ. ಅಲ್ಲಿ ಸಾಲಾಗಿ ಮುಚ್ಚಿದ ಸಣ್ಣ ಸಣ್ಣ ಕುಣಿಗಳು, ಎಣಿಸಲು ಆಗದಷ್ಟು. ಅವನು ಮುಚ್ಚಳ ತೆಗೆದ.

ಶಿವನಾಣೆ ಹೇಳುತ್ತೇನೆ, ಸುಳ್ಳಾದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಆ ಚಳಿಯಲ್ಲಿ ಡಬ್ಬಿಯಿಂದ ಹಬೆ ಏಳುತ್ತಿತ್ತು.